ಉಳಿದ ಒಂದು ಮಾತು

ಆಸ್ಪತ್ರೆ ಕೋಣೆಯ ಬಾಗಿಲ ಸಂದಿಯಲ್ಲಿ ಅಪ್ಪನ ಪಾದವೊಂದೇ ಕಾಣುತ್ತಿದೆ, ಉಗುರನ್ನು ಯಾರೋ ನೀಟಾಗಿ ಕತ್ತರಿಸಿದ್ದಾರೆ, ತಂಗಿಯೇ ಇರಬೇಕು, ಇನ್ನಾರು — ಒಳಗೆ ಹೋಗಬೇಕು, ಹೋದರೆ ಕೇಳುತ್ತಾರೆ, ಬಂದ್ಯಾ, ಅದೇ ಗಡಸು ದನಿ, ಲೇತ್ ಯಂತ್ರದ ಸದ್ದಿನ ಮೇಲೆ ಮೂವತ್ತು ವರ್ಷ ಕೂಗಿ ಕೂಗಿ ಒರಟಾದದ್ದು, ಶಾಲೆಯಿಂದ ಬಂದರೂ ಬಂದ್ಯಾ, ಕೆಲಸ ಸಿಕ್ಕ ದಿನ ಓಡಿ ಬಂದರೂ ಬಂದ್ಯಾ, ಇಷ್ಟು ಹೊತ್ತಿಗೆ ಬಂದ್ಯಾ, ಯಾಕೆ ಬಂದೆ, ಒಂದು ಪದದ ಬೆನ್ನಿಗೆ ನಾನು ಎಷ್ಟು ಪದ ಕೇಳಿಸಿಕೊಂಡೆ, ಮೂರು ವರ್ಷದಿಂದ ಅಪ್ಪನ ಮನೆಯ ಮೆಟ್ಟಿಲು ತುಳಿಯಲಿಲ್ಲ — ಅಚ್ಚುಕೂಟದಲ್ಲಿ ಕರಡು ತಿದ್ದುವವಳು ನಾನು, ತಪ್ಪು ಹುಡುಕುವುದಕ್ಕೇ ಸಂಬಳ, ಅಕ್ಕ ಮೊಸರಲ್ಲೂ ಕಲ್ಲು ಹುಡುಕ್ತಾಳೆ ಅನ್ನುತ್ತಿದ್ದಳು ತಂಗಿ, ಅವಳಿಗೇನು, ಗಿಲಕಿ, ಮನೆಯವರು ಇಟ್ಟ ಹೆಸರು, ಬೈದರೂ ಗಿಲಗಿಲ ನಗುವವಳು, ಅದೇ ಬಂದ್ಯಾ ಕೇಳಿ ಚಪ್ಪಲಿ ಕಳಚುವ ಮೊದಲೇ ಅಪ್ಪನ ಕೊರಳಿಗೆ ಜೋತುಬೀಳುತ್ತಿದ್ದಳು, ಪೆದ್ದಿ ಅಂದುಕೊಳ್ಳುತ್ತಿದ್ದೆ — ಡಾಕ್ಟರ್ ಪಕ್ಕಕ್ಕೆ ಬಂದು ಹೇಳುತ್ತಿದ್ದಾರೆ, ಪಾರ್ಶ್ವವಾಯು ಅಮ್ಮಾ, ಮಾತೆಲ್ಲ ಹೋಗಿದೆ, ಒಂದೇ ಒಂದು ಉಳ್ಕೊಂಡಿದೆ, ಕೆಲವರಿಗೆ ಹಾಗಾಗುತ್ತೆ, ಯಾವುದು ಎಂದು ನಾನು ಕೇಳುವಷ್ಟರಲ್ಲಿ ಒಳಗಿಂದ, ಬಂದ್ಯಾ. ನನಗಲ್ಲ, ನರ್ಸಿಗೆ. ಬಂದೆ ತಾತ, ಬರದೆ ಎಲ್ಲಿಗೆ ಹೋಗ್ಲಿ, ಅವಳ ಮುಖ ಅರಳುತ್ತದೆ, ನೆಲ ಒರೆಸುವವಳಿಗೂ ಬಂದ್ಯಾ, ಬಂದೆ ಯಜಮಾನ್ರೇ, ಕಿಟಕಿಯ ಕಾಗೆಗೂ ಬಂದ್ಯಾ, ದನಿ ಅದೇ, ಒಂದೆಳೆಯೂ ಮೆತ್ತಗಾಗಿಲ್ಲ, ಆದರೂ ಕೇಳಿದವರೆಲ್ಲ ದೀಪ ಹಚ್ಚಿದ ಹಾಗೆ ಬೆಳಗುತ್ತಿದ್ದಾರೆ, ದೇವರೇ, ಎಲ್ಲ ಮಾತೂ ಸುಟ್ಟುಹೋದ ಮೇಲೆ, ನನ್ನ ಹೆಸರೂ ತಮ್ಮ ಹೆಸರೂ ಹೋದ ಮೇಲೆ, ಈ ಮನುಷ್ಯನ ತಳದಲ್ಲಿ ಉಳಿದದ್ದು ಇದೇ — ಒಳಗೆ ಬಾ ಅಕ್ಕ, ಬಾಗಿಲಲ್ಲೇ ನಿಂತು ಏನು ತಪ್ಪು ಹುಡುಕ್ತಿದ್ದೀಯ, ಗಿಲಕಿ ಕೈ ಹಿಡಿದು ಎಳೆಯುತ್ತಾಳೆ, ಅಪ್ಪ ತಿರುಗುತ್ತಾರೆ, ಅರ್ಧ ಮುಖ ಮಾತ್ರ ಅಲುಗುತ್ತದೆ, ಬಂದ್ಯಾ — ಪ್ರಶ್ನೆಚಿಹ್ನೆ ಎಲ್ಲಿದೆ ಇದರಲ್ಲಿ, ಇಷ್ಟು ವರ್ಷ ನಾನೇ ಹಾಕಿಕೊಂಡು ಓದಿದೆನೇ — ಬಂದೆ ಅಪ್ಪ, ಬಂದೆ, ಬಿದ್ದುಹೋದ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಹೊಟ್ಟೆಯ ಮೇಲಿಟ್ಟುಕೊಂಡು, ಏದುಸಿರು ಬಿಡುತ್ತ, ಗೋಡೆಯ ಕಡೆ ಇಷ್ಟಿಷ್ಟೇ ಸರಿಯುತ್ತಿದ್ದಾರೆ, ಏನೇ ಮಾಡ್ತಿದ್ದಾರೆ ಅಪ್ಪ, ಇನ್ನೇನಕ್ಕ, ನಿಂಗೆ ಜಾಗ ಮಾಡ್ತಿದ್ದಾರೆ, ಹಾಸಿಗೆಯ ಅಂಚಿನಲ್ಲಿ ಒಂದು ಗೇಣು ಬಿಳಿ ಜಾಗ, ಅದನ್ನು ತಟ್ಟುತ್ತಿರುವ ಎಡಗೈ, ಒಂದು ಗೇಣು, ತಟ್ಟುವ ಕೈ, ಒಂದು ಗೇಣು