ಮೇಲಿನ ವಾರ್ಡಿನ ಬಾಟಲಿ

ವಾಂತಿಭೇದಿಯಿಂದ ಹಿಂಡಿಹೋಗಿದ್ದ ಹಮಾಲಿಗೆ ಗ್ಲೂಕೋಸ್ ಏರಿಸಿದ ಸ್ವಲ್ಪ ಹೊತ್ತಿಗೆಲ್ಲ ನಡುಕ ಹತ್ತಿತು. ಕಬ್ಬಿಣದ ಮಂಚ ಗಡಗಡ ಅಲುಗಿತು. ಹೆಂಡತಿ ಅವನನ್ನು ಅವುಚಿ ಹಿಡಿದಳು. ನರ್ಸ್ ಓಡಿಬಂದು ಬಾಟಲಿ ಬಿಚ್ಚಿ ಕಿಟಕಿಯ ಮೇಲಿಟ್ಟಳು.

ಹಿಂದೆಯೇ ಬಂದ ಡಾಕ್ಟರು ರೋಗಿಯನ್ನು ನೋಡುವ ಮೊದಲೇ ಕೇಳಿದ:

"ನಳಿಗೆ ಮೇಲಿರೋ ಹನಿಯ ಗಾಲಿ ತಿರುಗಿಸಿದ್ದು ಯಾರು?"

"ನಾನೇ ಸಾರ್. ಸ್ವಲ್ಪ," ಎಂದಳು ಹೆಂಡತಿ.

"ಮತ್ತಿನ್ನೇನು? ನೀನೇ ತಂದ್ಕೊಂಡಿದ್ದು ಇದು."

ಕೆಳಗಿನ ಆ ಪುಕ್ಕಟೆ ವಾರ್ಡಿನಲ್ಲಿ ಗಾಲಿ ತಿರುಗಿಸದವರು ಯಾರಿದ್ದಾರೆ? ಅಷ್ಟೂ ಮಂಚಗಳಿಗೆ ಒಬ್ಬಳೇ ನರ್ಸ್. ಹನಿ ನಿಂತರೆ ನೀವೇ ತಿರುಗಿಸಿಕೊಳ್ಳಿ ಎಂದು ಹೇಳಿಕೊಟ್ಟವಳೂ ಅವಳೇ. ಆದರೂ ಹೆಂಡತಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಕೈಯಾರೆ ಗಂಡನನ್ನು ಕೊಲ್ಲುತ್ತಿದ್ದೆನೇ?

ಅವಳ ಕಣ್ಣು ಕಿಟಕಿಯ ಬಾಟಲಿಯ ಮೇಲೆ ಬಿತ್ತು. ಅದಕ್ಕೆ ಅಂಟಿಸಿದ್ದ ಪಟ್ಟಿಯಲ್ಲಿ ಯಾವುದೋ ಮಂಚದ ನಂಬರು ಹೊಡೆದುಹಾಕಿ, ಕೆಳಗೆ ಇವರ ನಂಬರು ಬರೆದಿತ್ತು. ತಂದಾಗಲೇ ಅದು ಅರ್ಧ ಖಾಲಿ ಇತ್ತು. ಬಡವರಿಗೆ ಕೊಡುವುದೇ ಇಷ್ಟಿರಬೇಕು ಎಂದುಕೊಂಡಿದ್ದಳು, ಪಾಪ.

ಇದು ಎಲ್ಲಿಂದ ಬಂದಿದ್ದು ಎಂದು ನೆಲ ಒರೆಸುತ್ತಿದ್ದ ಆಯಾಳನ್ನು ಮೆಲ್ಲಗೆ ಕೇಳಿದಳು.

"ನನ್ನ ಬಾಯಿ ಬಿಡಿಸ್ಬೇಡ ತಾಯಿ," ಎಂದ ಆಯಾ ತಾನೇ ಬಾಯಿಬಿಟ್ಟಳು. "ಮೇಲೆ ದುಡ್ಡು ಕೊಡೋರ ವಾರ್ಡಲ್ಲಿ ಉಳಿದಿದ್ದು ಕೆಳಗೆ ಬರುತ್ತೆ. ನಿಮ್ಮ ಹೆಸರಲ್ಲಿ ಬಂದ ಹೊಸದು ಸ್ಟೋರ್ ಸಾಹೇಬ್ರ ಹಿಂಬಾಗಿಲಿಂದ ಅಂಗಡಿಗೆ ಹೋಗುತ್ತೆ."

ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಬಾಟಲಿಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ನರ್ಸ್ ಇನ್ನೊಂದು ಬಾಟಲಿ ತಂದಳು. ಹೆಂಡತಿ ಗಂಡನ ಕೈಯನ್ನು ತನ್ನ ಕೈಯಿಂದ ಮುಚ್ಚಿದಳು.

"ಇದರ ಕವರ್ ಎಲ್ಲಿ?"

"ಬಿಸಾಕಿದೆ."

"ಹಾಗಾದ್ರೆ ಬೇಡ. ಕವರ್ ಇರೋದು ತಂದು ನಮ್ಮ ಕಣ್ಮುಂದೆ ಬಿಚ್ಚಿ."

"ಹಾಕದಿದ್ರೆ ಸಾಯ್ತಾನೆ, ಗೊತ್ತಾ?" ಡಾಕ್ಟರು ಗದರಿದ.

"ಗೊತ್ತು. ಹಾಕಿದ್ರೆ ಏನಾಗುತ್ತೆ ಅಂತಾನೂ ಈಗ ಗೊತ್ತಾಯ್ತು."

ಪಕ್ಕದ ಮಂಚದಲ್ಲಿ ಮೊಮ್ಮಗಳನ್ನು ಮಲಗಿಸಿಕೊಂಡು ಆಯಾಳ ಮಾತೆಲ್ಲ ಕೇಳಿಸಿಕೊಂಡಿದ್ದ ಮುದುಕಿ ಎದ್ದು ತಮ್ಮ ಬಾಟಲಿಯ ಪಟ್ಟಿ ನೋಡಿದಳು. ಅಲ್ಲೂ ಒಂದು ನಂಬರು ಹೊಡೆದುಹಾಕಿತ್ತು. ಮುದುಕಿ ಗಾಲಿ ತಿರುಗಿಸಿ ಹನಿ ನಿಲ್ಲಿಸಿದಳು. ಆಚೆ ಮಂಚದ ಗಾರೆ ಕೆಲಸದವನು ನೋಡಿದ, ನಿಲ್ಲಿಸಿದ. ಸಾಲಿನುದ್ದಕ್ಕೂ ಒಂದೊಂದಾಗಿ ಹನಿಗಳು ನಿಂತವು.

ಹೆಂಡತಿ ಸೆರಗಿನೊಳಗಿನ ಬಾಟಲಿ ತೆಗೆದು ಡಾಕ್ಟರ ಮುಂದೆ ಹಿಡಿದಳು, ಕೈಗೆ ಮಾತ್ರ ಕೊಡಲಿಲ್ಲ.

"ಈಗ ಎಲ್ಲರೂ ಗಾಲಿ ತಿರುಗಿಸಿದ್ದೀವಿ ಸಾರ್," ಎಂದಳು. "ತಪ್ಪು ಯಾರದು ಅಂತ ಈಗ ಕೇಳಿ."