ಏಲಿಯಾಸಣ್ಣನ ಸೂತಕ

ಬಂಟ್ವಾಳ ಪೇಟೆಯ ಮೊಯಿದಿನಬ್ಬರ ಜವುಳಿ ಅಂಗಡಿಯಲ್ಲಿ ಮಗಳಿಗೆ ಧಾರೆ ಸೀರೆ ಆರಿಸುತ್ತಿದ್ದಾಗ ಪ್ರೇಮಾವತಿಗೆ ಸಾವಿನ ಸುದ್ದಿ ಬಂತು. ಅಂದು ಸೋಮವಾರ. ಬರುವ ಭಾನುವಾರ ಮೂಡುಬಿದಿರೆಯ ಕಲ್ಯಾಣ ಮಂಟಪದಲ್ಲಿ ಮದುವೆ. ಅಂಗಡಿಯ ನುಸ್ರತ್ ಕೆಂಪು ಅಂಚಿನ ಸೀರೆಯೊಂದನ್ನು ತನ್ನ ಹೆಗಲ ಮೇಲೇ ಹಾಕಿಕೊಂಡು, "ಮಗಳ ಬಣ್ಣಕ್ಕೆ ಇದು ಒಪ್ಪುತ್ತದೆ ನೋಡಿ ಪ್ರೇಮಕ್ಕ" ಎನ್ನುತ್ತಿದ್ದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಇಸ್ರೇಲಿನಿಂದ ಬೆನ್ನಿ, ಏಲಿಯಾಸಣ್ಣನ ಮಗ. ಅವನು ಹೀಬ್ರೂ ಭಾಷೆಯಲ್ಲಿ ಎರಡೇ ಮಾತು ಹೇಳಿದ: ಅಪ್ಪ ಬೆಳಿಗ್ಗೆ ಹೋದರು, ಸಂಜೆಗೆ ಮಣ್ಣು.

ಪ್ರೇಮಾವತಿ ಅದೇ ಭಾಷೆಯಲ್ಲಿ ಸಮಾಧಾನದ ಮಾತು ಹೇಳಿ ಫೋನು ಇಟ್ಟರು. ಕೈಯಲ್ಲಿದ್ದ ಸೀರೆಯನ್ನು ಮಡಿಕೆ ತಪ್ಪದಂತೆ ಮಡಚಿ ಮೇಜಿನ ಮೇಲಿಟ್ಟರು.

"ಎಂತಾಯ್ತು ಪ್ರೇಮಕ್ಕ?" ಎಂದು ಮೊಯಿದಿನಬ್ಬರು ಗಲ್ಲಾಪೆಟ್ಟಿಗೆಯ ಬಳಿಯಿಂದ ಎದ್ದು ಬಂದರು.

"ಅಣ್ಣ ತೀರಿಹೋದರು."

"ಯಾವ ಅಣ್ಣ? ರಘುರಾಮಣ್ಣ ಹೋಗಿ ಕೆಲವು ವರ್ಷ ಆಯ್ತಲ್ಲ?"

"ಇವರು ಇಸ್ರೇಲಿನ ಅಣ್ಣ. ನಾನು ನೋಡಿಕೊಳ್ಳುತ್ತಿದ್ದವರು. ಯಹೂದಿಗಳು."

ಮೊಯಿದಿನಬ್ಬರು ಟೋಪಿ ಸರಿಪಡಿಸಿಕೊಂಡು, ಸಾವಿನ ಸುದ್ದಿ ಕೇಳಿದಾಗ ತಾವು ಯಾವಾಗಲೂ ಹೇಳುವ ಅರಬಿ ಮಾತನ್ನು ಮೆಲ್ಲಗೆ ಹೇಳಿದರು. "ಎಲ್ಲರೂ ಅವನ ಕಡೆಗೇ ಹೋಗುವವರು ಅಂತ ಅದರ ಅರ್ಥ ಅಕ್ಕ. ಎಲ್ಲರೂ" ಎಂದರು. ಜೊತೆಗೆ ಬಂದಿದ್ದ ಮಗ ಜಿತೇಶ್, "ಅಮ್ಮ, ಸೀರೆ?" ಎಂದು ಕೇಳಿದ. "ಇವತ್ತು ಬೇಡ" ಎಂದು ಪ್ರೇಮಾವತಿ ಚಪ್ಪಲಿ ಮೆಟ್ಟಿಕೊಂಡರು.

ಗಂಡ ಕಾಸರಗೋಡಿನಲ್ಲಿ ಹೋಟೆಲು ಇಟ್ಟಿದ್ದಾಗ ಪ್ರೇಮಾವತಿ ಮಲಯಾಳ ಕಲಿತಿದ್ದರು. ಗಂಡ ತೀರಿಕೊಂಡ ಮೇಲೆ ಊರಿನ ಹಲವು ಹೆಂಗಸರಂತೆ ಅವರೂ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಸ್ರೇಲಿಗೆ ಹೋದರು. ಅಲ್ಲಿ ದೇವರು ಆ ಮಲಯಾಳಕ್ಕೂ ಒಂದು ದಾರಿ ಮಾಡಿದ. ಏಲಿಯಾಸರು ಹುಟ್ಟಿದ್ದು ಕೇರಳದ ಚೇಂದಮಂಗಲದಲ್ಲಿ. ಚಿಕ್ಕ ಹುಡುಗನಾಗಿದ್ದಾಗ ತಂದೆತಾಯಿಯ ಜೊತೆ ವಿಮಾನ ಹತ್ತಿ ಹೋದವರು. ಮರುಭೂಮಿಯ ಅಂಚಿನ ಹಳ್ಳಿಯಲ್ಲಿ ಕೋಳಿ ಸಾಕಿ, ಹೂ ಬೆಳೆದು ಬದುಕಿದವರು. ಹೀಬ್ರೂ ಬಾರದ ಪ್ರೇಮಾವತಿ ಮೊದಲ ದಿನ ಹೆದರಿ ಬಾಗಿಲಲ್ಲಿ ನಿಂತಿದ್ದಾಗ, ಒಳಗಿನಿಂದ ಮಲಯಾಳದಲ್ಲಿ, "ನಿಂತದ್ದು ಯಾಕೆ? ಬಂದು ಕೂತುಕೋ. ಕಂಜಿ ಮಾಡಲಿಕ್ಕೆ ಬರುತ್ತದಾ?" ಎಂದು ಕೇಳಿತು. ಅಂದಿನಿಂದ ಅವರು ಏಲಿಯಾಸಣ್ಣ. ಹತ್ತು ವರ್ಷಕ್ಕೂ ಮೇಲೆ ಪ್ರೇಮಾವತಿ ಅವರನ್ನು ಮೀಯಿಸಿದರು, ಉಣಿಸಿದರು. ಸೈರನ್ ಕೂಗಿದಾಗ ಎತ್ತಿಕೊಂಡ ಹಾಗೆ ಮಾಡಿ ಕಾಂಕ್ರೀಟಿನ ಕೋಣೆಗೆ ನಡೆಸಿದರು. ಮಂಡಿ ನೋವು ಹೆಚ್ಚಾಗಿ ಎರಡು ವರ್ಷದ ಕೆಳಗೆ ತಮ್ಮೂರು ಬೆಳುವಾಯಿಗೆ ಮರಳಿದ ಮೇಲೂ ಶುಕ್ರವಾರ ಮಧ್ಯಾಹ್ನ ಫೋನು ತಪ್ಪಿದ್ದಿಲ್ಲ.

ಮನೆಗೆ ಬಂದವರೇ ಮಿಂದು, ಚಾವಡಿಯ ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿ, ಚಾಪೆ ಹಾಸಿ ನೆಲದಲ್ಲಿ ಕುಳಿತುಬಿಟ್ಟರು.

ಸೊಸೆ ಸಾತ್ವಿಕಾ ಒಳಗಿನಿಂದ ಬಂದು ನೋಡಿದಳು. "ಅತ್ತೆ, ಕನ್ನಡಿಗೆ ಬಟ್ಟೆ ಹಾಕಿದರೆ ಮದುಮಗಳು ಮುಖ ಎಲ್ಲಿ ನೋಡಿಕೊಳ್ಳುವುದು? ಬಾವಿಯಲ್ಲಾ?"

"ಏಳು ದಿನ ಹೀಗೆ ಕೂರುವುದು ಅವರ ಕ್ರಮ" ಎಂದರು ಪ್ರೇಮಾವತಿ. "ನಾನು ಕೂರುತ್ತೇನೆ."

ಏಳು ದಿನ ಎಂದರೆ ಮದುವೆ ಅದರೊಳಗೇ ಬಂತು. ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಸಂಬಂಧ ಹರಿಯುವುದು ತಾಯಿಯ ಕಡೆಯಿಂದ. ಹೆಂಗಸಿಗೆ ಗಂಡನ ಮನೆಯ ಸೂತಕಕ್ಕಿಂತ ಸ್ವಂತ ಅಣ್ಣನ ಸೂತಕ ಹತ್ತಿರದ್ದು. ಅದು ಅವಳಿಗೂ ತಾಗುತ್ತದೆ, ಅವಳ ಮಕ್ಕಳಿಗೂ ತಾಗುತ್ತದೆ. ಹಾಗಿರುವಾಗ ಮದುಮಗಳ ತಾಯಿ ಅಣ್ಣ ಸತ್ತ ಎಂದು ಚಾಪೆಯಲ್ಲಿ ಕೂತರೆ ಧಾರೆ ನಡೆಯುವುದಾದರೂ ಹೇಗೆ? ಗಂಡಿನವರು ಬೆಳ್ತಂಗಡಿಯವರು, ಕ್ರಮ ಬಿಡದ ಜನ. ಮದುಮಗ ಭವಿತನಿಗೆ ಕುವೈತಿನ ಕೆಲಸ. ಈ ಮುಹೂರ್ತ ತಪ್ಪಿದರೆ ಮತ್ತೆ ರಜೆ ಸಿಗುವುದು ಮುಂದಿನ ವರ್ಷ.

ಜಿತೇಶ್ ಸಂಜೆಯವರೆಗೂ ತಾಯಿಗೆ ಹೇಳಿ ನೋಡಿದ. "ಅಮ್ಮ, ಅವರು ನಮ್ಮ ರಕ್ತ ಅಲ್ಲ."

"ಹೌದು."

"ಅವರ ಮಕ್ಕಳು ಅಲ್ಲಿ ಕೂತಿದ್ದಾರೆ. ಸಾಲದಾ?"

ಉತ್ತರ ಪ್ರೇಮಾವತಿಯ ಬಳಿ ಇತ್ತು. ಆದರೆ ಅದನ್ನು ಮಗನಿಗೆ ಹೇಳಿದರೆ ಅವನ ಮನಸ್ಸು ನೋಯುತ್ತದೆ ಎಂದು ಸುಮ್ಮನಾದರು.

ಕೊರೋನಾ ಕಾಲದಲ್ಲಿ ಒಡಹುಟ್ಟಿದ ಅಣ್ಣ ರಘುರಾಮ ಹೋದಾಗ ವಿಮಾನಗಳು ನಿಂತಿದ್ದವು. ಊರಿನಲ್ಲಿ ಹೆಣವನ್ನು ಮನೆಗೂ ತರಲಿಲ್ಲ. ಉತ್ತರಕ್ರಿಯೆಯ ಬೊಜ್ಜಕ್ಕೆ ನಾಲ್ಕು ಜನ. ಫೋನಿನಲ್ಲಿ ಅತ್ತು ಮುಗಿಸಿ ಪ್ರೇಮಾವತಿ ಪಾತ್ರೆ ತೊಳೆಯಲು ನಿಂತಿದ್ದರು. ಏಲಿಯಾಸಣ್ಣ ಊರುಗೋಲು ಊರಿಕೊಂಡು ಬಂದು ನಲ್ಲಿ ನಿಲ್ಲಿಸಿದರು. "ಅಣ್ಣ ಸತ್ತವಳು ಏಳು ದಿನ ಕೆಲಸ ಮಾಡಬಾರದು. ಕೂತುಕೋ." ಬೆನ್ನು ಬಾಗದ ಆ ಮುದುಕ ಗಿಡ್ಡ ಸ್ಟೂಲು ತಂದು ತಾನೂ ಪಕ್ಕದಲ್ಲಿ ಕುಳಿತರು. ಏಳು ದಿನವೂ ಚಹಾ ಮಾಡಿದ್ದು ಅವರು. ಸಕ್ಕರೆ ಒಮ್ಮೆ ಹೆಚ್ಚು, ಒಮ್ಮೆ ಮರೆತೇ ಹೋಗುತ್ತಿತ್ತು. ಕೊಚ್ಚಿಯ ಕಡೆಯ ಮುದುಕಿಯರು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬಾಗಿಲವರೆಗೆ ಬಂದು, ಬೇಯಿಸಿದ ಬೇಳೆ ಇಟ್ಟು, ರಘುರಾಮ ಎಂಥವನಾಗಿದ್ದ ಎಂದು ಕೇಳಿ ಹೋದರು. ಊರಿನಲ್ಲಿ ಅಳುವವರಿಲ್ಲದೆ ಹೋದ ಅಣ್ಣನಿಗೆ ಅಲ್ಲಿ ಅಳುವವರು ಸಿಕ್ಕಿದ್ದರು.

ಈಗ ಅವರಿಗಾಗಿ ಕೂರಬೇಕಾದವಳು ತಾನು. ಪ್ರೇಮಾವತಿಯ ಎಣಿಕೆ ಅಷ್ಟೇ.

ಮರುದಿನ ಬೆಳಗಿನ ಬಸ್ಸಿನಲ್ಲಿ ಶಿರ್ತಾಡಿಯಿಂದ ಕಮಲಾಕ್ಷ ಮಾವ ಬಂದರು. ಪ್ರೇಮಾವತಿಯ ತಾಯಿಯ ಕೊನೆಯ ತಮ್ಮ, ಕುಟುಂಬದ ಯಜಮಾನ. ಧಾರೆಯ ನೀರು ಎರೆಯಬೇಕಾದವರು ಅವರೇ. ಜಿತೇಶ್ ಫೋನಿನಲ್ಲಿ ಎಲ್ಲ ಹೇಳಿದ್ದ. ಮಾವ ಚಾವಡಿಯ ಕುರ್ಚಿಯಲ್ಲಿ ಕುಳಿತು, ವೀಳ್ಯ ಹಾಕಿ, ಬಟ್ಟೆ ಹೊದಿಸಿದ ಕನ್ನಡಿಯನ್ನು ನೋಡಿದರು.

"ಸೂತಕ ಅನ್ನುತ್ತೀಯಂತಲ್ಲ. ಅವ ಯಾವ ಬಳಿಯವ, ಯಾವ ಕುಲದವ? ಕೇಳಿದ್ದೀಯಾ?"

"ಅವರಲ್ಲಿ ಹನ್ನೆರಡು ಬಳಿ ಇತ್ತಂತೆ ಮಾವ. ಹತ್ತು ಕಳೆದುಹೋಯಿತಂತೆ. ಪರರಾಜರು ಹಿಡಿದುಕೊಂಡು ಹೋದರು."

"ಹತ್ತು ಬಳಿಯನ್ನೇ ಕಳೆದುಕೊಂಡರಾ? ನಾನು ರೇಷನ್ ಕಾರ್ಡು ಕಳೆದದ್ದಕ್ಕೆ ನಿನ್ನ ಮಾಮಿ ಒಂದು ವರ್ಷ ಬೈದಳು ಮಾರಾಯ್ತಿ!"

ಸಾತ್ವಿಕಾ ಬಾಗಿಲ ಹಿಂದೆ ನಕ್ಕಳು. ಪ್ರೇಮಾವತಿಗೂ ನಗು ಬಂತು. "ಹುಟ್ಟಿದ ಮಗು ಯಹೂದಿ ಹೌದೋ ಅಲ್ಲವೋ ಅಂತ ನೋಡುವುದು ತಾಯಿಯ ಕಡೆಯಿಂದ" ಎಂದರು.

ಮಾವ ಅಗಿಯುವುದನ್ನು ನಿಲ್ಲಿಸಿದರು. "ತಾಯಿಯ ಕಡೆಯಿಂದ? ಹಾಗಾದರೆ ಬುದ್ಧಿ ಉಂಟು ಅವರಿಗೆ." ಮತ್ತೆ ಅಗಿಯುತ್ತಾ, "ಅಲ್ಲ, ಬಳಿ ಹೋಯಿತು, ದೇಶ ಹೋಯಿತು. ಮತ್ತೆ ಇಷ್ಟು ವರ್ಷ ಉಳಿದದ್ದು ಹೇಗೆ? ಅದನ್ನು ಹೇಳು" ಎಂದರು.

ಇದು ಪ್ರೇಮಾವತಿ ಏಲಿಯಾಸಣ್ಣನಿಗೇ ಕೇಳಿದ್ದ ಪ್ರಶ್ನೆ. ಸಂಜೆ ಕಾಲು ಒತ್ತುವಾಗ ಅವರು ತಮ್ಮ ಹಿರಿಯರ ಕತೆ ಹೇಳುತ್ತಿದ್ದರು. ಒಂದು ಜನಾಂಗವನ್ನು ಜೀತದಿಂದ ಬಿಡಿಸಿ ನಲವತ್ತು ವರ್ಷ ಮರುಭೂಮಿಯಲ್ಲಿ ನಡೆಸಿದ ಮೋಶೆ, ಸೇರಬೇಕಾದ ನಾಡನ್ನು ಬೆಟ್ಟದ ಮೇಲಿನಿಂದ ಕಣ್ಣಲ್ಲಿ ನೋಡಿ ಅಲ್ಲೇ ತೀರಿದ. ಅವನ ಗೋರಿ ಎಲ್ಲಿ ಎಂದು ಯಾರಿಗೂ ತಿಳಿಯದು. "ನಾಯಕನನ್ನು ಹುಗಿದ ಜಾಗ ಗೊತ್ತಿದ್ದರೆ ಜನ ಅಲ್ಲೇ ಕೂತುಬಿಡುತ್ತಿದ್ದರು, ನಡೆಯುತ್ತಿರಲಿಲ್ಲ" ಎಂದು ಏಲಿಯಾಸಣ್ಣ ತಮ್ಮದೇ ಅರ್ಥ ಹೇಳುತ್ತಿದ್ದರು.

ಪ್ರೇಮಾವತಿ ಮಾವನಿಗೆ ಇನ್ನೊಬ್ಬರ ಕತೆ ಹೇಳಿದರು. ರೋಮಿನ ಸೇನೆ ಜೆರುಸಲೇಮಿಗೆ ಮುತ್ತಿಗೆ ಹಾಕಿತ್ತು. ಊರೊಳಗೆ ಹಸಿವು, ಹೊರಗೆ ಹೋಗಲು ಜೀವಂತರಿಗೆ ದಾರಿಯಿಲ್ಲ. ಯೊಹಾನನ್ ಎಂಬ ಮುದಿ ಗುರುವನ್ನು ಶಿಷ್ಯರು ಹೆಣದ ಪೆಟ್ಟಿಗೆಯಲ್ಲಿ ಮಲಗಿಸಿ ಹೊರಗೆ ಹೊತ್ತುಕೊಂಡು ಹೋದರು. ಆತ ಸೇನಾಪತಿಯ ಮುಂದೆ ನಿಂತ. ಏನು ಬೇಕು ಎಂದು ಸೇನಾಪತಿ ಕೇಳಿದ.

"ಊರು ಬಿಡು ಅಂದನಾ?"

"ಇಲ್ಲ ಮಾವ. ಯಾವ್ನೆ ಅಂತ ಒಂದು ಸಣ್ಣ ಊರು ಉಂಟಂತೆ. ಅದನ್ನು ಕೊಡು, ಅಲ್ಲಿನ ಪಂಡಿತರನ್ನು ಉಳಿಸು ಅಂದರಂತೆ. ದೇವಸ್ಥಾನ ಸುಟ್ಟುಹೋಯಿತು. ಯಾವ್ನೆಯ ಪಾಠ ಉಳಿಯಿತು. ಬಲಿಯ ಬದಲು ಪ್ರಾರ್ಥನೆ ಅಂತ ಆಯಿತು. ಆಮೇಲೆ ಎಲ್ಲಿಗೆ ಓಡಿಸಿದರೂ ಅದನ್ನು ಹೊತ್ತುಕೊಂಡು ಹೋಗಲಿಕ್ಕೆ ಆಯಿತು. ಚೇಂದಮಂಗಲಕ್ಕೂ."

ಕಮಲಾಕ್ಷ ಮಾವ ಎದ್ದು ಹೋಗಿ ಅಂಗಳದಲ್ಲಿ ಉಗುಳಿ, ಬಾಯಿ ಮುಕ್ಕಳಿಸಿ ಬಂದರು. "ಎಲ್ಲ ಕೇಳದೆ, ಉಳಿಯುವಂಥದ್ದನ್ನು ಕೇಳಿದ. ಯಜಮಾನಿಕೆ ಅಂದರೆ ಅದು" ಎಂದರು. ಆಮೇಲೆ ಸಾತ್ವಿಕಾಳನ್ನೂ ಜಿತೇಶನನ್ನೂ ಕರೆದರು. ಮದುಮಗಳು ನಿಖಿತಾಳನ್ನೂ ಕರೆದರು. "ಇವಳು ಕೂರುವುದು ಋಣಕ್ಕೆ. ಋಣವನ್ನು ನಾನು ತಡೆಯುವುದಿಲ್ಲ. ನಿಖಿತಾ, ನೀನು ಎಂತ ಹೇಳುತ್ತೀ?"

ನಿಖಿತಾಳ ಕಣ್ಣು ಊದಿತ್ತು. ಶುಕ್ರವಾರದ ಫೋನಿನಲ್ಲಿ ಏಲಿಯಾಸರು ಅವಳನ್ನು ಮಲಯಾಳದಲ್ಲಿ 'ಮೋಳೇ', ಮಗಳೇ, ಎಂದೇ ಕರೆಯುತ್ತಿದ್ದುದು. "ಅಮ್ಮನಿಗೆ ಕೂರಬೇಕಾದರೆ ಮದುವೆ ಮುಂದೆ ಹಾಕುವಾ, ಅಜ್ಜ. ಭವಿತ್ ಹತ್ತಿರ ನಾನು ಮಾತಾಡುತ್ತೇನೆ" ಎಂದಳು.

ಪ್ರೇಮಾವತಿ ಬಯಸಿದ್ದು ಅಲ್ಲಿಗೆ ಸಿಕ್ಕಿದಂತೆಯೇ.

ಮಾವ ಫೋನು ಕೈಗೆ ತೆಗೆದುಕೊಂಡರು, ಬೆಳ್ತಂಗಡಿಗೆ ಮಾತಾಡಲಿಕ್ಕೆ. ನಂಬರು ಒತ್ತುವ ಮೊದಲು ಸುಮ್ಮನೆ ಒಂದು ಮಾತು ಕೇಳಿದರು. "ಅವರಲ್ಲಿ ಸಾವೂ ಮದುವೆಯೂ ಒಟ್ಟಿಗೆ ಬಂದರೆ ಎಂತ ಮಾಡುತ್ತಾರೆ?"

ಪ್ರೇಮಾವತಿಗೆ ಅದು ಗೊತ್ತಿತ್ತು. ಒಮ್ಮೆ ಏಲಿಯಾಸಣ್ಣನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದಾಗ, ಹಳ್ಳಿಯ ಕೂಡುರಸ್ತೆಯಲ್ಲಿ ಒಂದು ಕಡೆಯಿಂದ ಹೆಣದ ವ್ಯಾನು, ಇನ್ನೊಂದು ಕಡೆಯಿಂದ ಹೂ ಕಟ್ಟಿದ ಮದುವೆಯ ಕಾರು ಎದುರಾದವು. ವ್ಯಾನಿನವನು ಬದಿಗೆ ನಿಲ್ಲಿಸಿದ. ಹೆಣದ ಹಿಂದೆ ಬರುತ್ತಿದ್ದ ಜನ ನಿಂತರು. ಮದುಮಗಳ ಕಾರು ಹೋಯಿತು. ಆಗ ಏಲಿಯಾಸಣ್ಣ ಹೇಳಿದ್ದರು: ಅಗ್ರಿಪ್ಪ ಎಂಬ ರಾಜನೊಬ್ಬನಿದ್ದ. ಎಲ್ಲರೂ ಅವನಿಗೆ ದಾರಿ ಬಿಡಬೇಕು. ಅವನು ಒಮ್ಮೆ ಮದುಮಗಳಿಗೆ ದಾರಿ ಬಿಟ್ಟು ನಿಂತ. ಪಂಡಿತರು ಅವನನ್ನು ಹೊಗಳಿದರು. ರಾಜನೇ ಬಿಟ್ಟ ಮೇಲೆ ಹೆಣ ಬಿಡದೆ ಇರುತ್ತದಾ ಪ್ರೇಮಾ? ನಾನು ಹೋಗುವ ದಿನ ಎದುರಿಗೆ ಮದುಮಗಳು ಬಂದರೆ ನನ್ನನ್ನು ಬದಿಗೆ ನಿಲ್ಲಿಸಲಿಕ್ಕೆ ಹೇಳು.

ಇದನ್ನು ಹೇಳದೆ ಇರಬಹುದಿತ್ತು. ಈ ಮನೆಯಲ್ಲಿ ಬೇರೆ ಯಾರಿಗೂ ಆ ಕತೆ ಗೊತ್ತಿಲ್ಲ. "ಗೊತ್ತಿಲ್ಲ ಮಾವ" ಎಂದರೆ ಮುಗಿಯುತ್ತಿತ್ತು. ಚಾಪೆಯಲ್ಲಿ ಏಳು ದಿನವೂ ಕೂರಬಹುದಿತ್ತು. ಅಣ್ಣನಿಗಾಗಿ ಅಣ್ಣನ ಮಾತನ್ನೇ ಮುಚ್ಚಿಡಬೇಕಾಗಿತ್ತು, ಅಷ್ಟೇ. ಪ್ರೇಮಾವತಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಒಂದಕ್ಷರ ಬಿಡದೆ ಹೇಳಿದರು.

ಹೇಳಿ ಮುಗಿದಾಗ ಮಾವ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. "ಹೋದವನೇ ದಾರಿ ಬಿಟ್ಟ ಮೇಲೆ ನಾವು ಅಡ್ಡ ನಿಲ್ಲುವುದು ಚಂದ ಅಲ್ಲ. ಏಳು ಮಗಳೇ" ಎಂದು ಕೈ ಚಾಚಿದರು.

ಮಂಡಿ ಹಿಡಿದುಕೊಂಡಿತ್ತು, ನಿಖಿತಾಳೂ ಕೈ ಕೊಡಬೇಕಾಯಿತು. ಪ್ರೇಮಾವತಿ ಎದ್ದರು. ಮಧ್ಯಾಹ್ನವೇ ಜಿತೇಶನ ಜೊತೆ ಬಂಟ್ವಾಳಕ್ಕೆ ಹೋಗಿ ಸೀರೆ ತಂದರು. ಮೊಯಿದಿನಬ್ಬರು ಅದನ್ನು ಬೇರೆ ಯಾರಿಗೂ ತೋರಿಸದೆ ತೆಗೆದಿಟ್ಟಿದ್ದರು.

ಭಾನುವಾರ ಧಾರೆ ನಡೆಯಿತು. ಕಮಲಾಕ್ಷ ಮಾವ ನೀರೆರೆದರು. ಊಟಕ್ಕೆ ಜನ ಹೆಚ್ಚಾಗಿ ಎರಡನೇ ಪಂಕ್ತಿಗೆ ಪಾಯಸ ತೆಳುವಾಯಿತು; ಗಂಡಿನ ಕಡೆಯ ಒಬ್ಬರು ಅದನ್ನೂ ಆಡಿಕೊಂಡರು. ಪ್ರೇಮಾವತಿ ಎಲ್ಲರನ್ನೂ ಮಾತಾಡಿಸಿದರು, ಎಲ್ಲಿಯೂ ಕಣ್ಣೀರು ಹಾಕಲಿಲ್ಲ. ಮಗಳನ್ನು ಬೆಳ್ತಂಗಡಿಯ ಕಾರಿಗೆ ಹತ್ತಿಸುವಾಗ ಅತ್ತರು. ಮದುಮಗಳ ತಾಯಿ ಅತ್ತದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ.

ಸಂಜೆ ಬೆಳುವಾಯಿಗೆ ಬಂದು, ಮಿಂದು, ಬಿಳಿ ಸೀರೆ ಉಟ್ಟು, ದೇವರ ಕೋಣೆಯಲ್ಲಿ ದೀಪ ಹಚ್ಚಿ ನೆಲದಲ್ಲಿ ಕುಳಿತರು. ಶಿರ್ತಾಡಿಯ ಕೊನೆಯ ಬಸ್ಸಿಗೆ ಹೊರಡಬೇಕಾದ ಕಮಲಾಕ್ಷ ಮಾವ ಚಪ್ಪಲಿ ಮತ್ತೆ ಬಿಚ್ಚಿಟ್ಟು ಒಳಗೆ ಬಂದರು. ಗೋಡೆ ಹಿಡಿದುಕೊಂಡು ಮೆಲ್ಲಗೆ ಅವರ ಪಕ್ಕದಲ್ಲಿ ಕುಳಿತರು.

"ಅವನ ತಾಯಿಯ ಹೆಸರೆಂತ?"

"ರಿಬ್ಕಾ."

ಮಾವ ಕಣ್ಣು ಮುಚ್ಚಿ, ಕೈ ಮುಗಿದು, ಕುಟುಂಬದ ಹಿರಿಯರಿಗೆ ಹೇಳುವ ಧಾಟಿಯಲ್ಲೇ ಹೇಳಿದರು. ಪ್ರೇಮಾವತಿ ಒಂದೊಂದು ಮಾತನ್ನೂ ಅವರ ಹಿಂದೆಯೇ ಹೇಳಿದರು:

"ದೇವರೇ, ರಿಬ್ಕಾಳ ಮಗ ಏಲಿಯಾಸ ನಿನ್ನ ಬಳಿಗೆ ಬಂದಿದ್ದಾನೆ. ಬೆನ್ನು ನೋವಿನವನು, ಒಳ್ಳೆಯ ಕಡೆ ಕೂರಿಸು. ಎರಡು ದೇಶದ ಅನ್ನ ಉಂಡವನು, ಯಾರ ಅನ್ನವನ್ನೂ ಮರೆತವನಲ್ಲ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿದ್ದರೆ ಮನ್ನಿಸು. ಅವನು ಯಾವ ಹೆಸರಿನಿಂದ ನಿನ್ನನ್ನು ಕರೆಯುತ್ತಿದ್ದನೋ ಆ ಹೆಸರಿನಿಂದಲೇ ಓಗೊಡು. ಅವನ ಆತ್ಮಕ್ಕೆ ಶಾಂತಿ ಕೊಡು."