ಐದು ತಿಂಗಳಾಗಲಿ

ಮೊದಲ ಐದು ತಿಂಗಳು ಬಸಿರಿನ ಸುದ್ದಿಯನ್ನು ಹೊರಗಿನವರಿಗೆ ಹೇಳಬಾರದು ಎಂಬುದು ಅತ್ತೆಯ ಮನೆಯ ಪದ್ಧತಿ. ಹೇಳಿದರೆ ದೃಷ್ಟಿಯಾಗುತ್ತದೆ. ಕಮಲಾಕ್ಷಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಮೊದಲನೆಯದು ಮೂರನೇ ತಿಂಗಳಿಗೇ ಹೋದಾಗ ತಿಳಿಯಿತು: ಬಂದದ್ದನ್ನು ಹೇಳದವರು ಹೋದದ್ದನ್ನೂ ಹೇಳುವಂತಿಲ್ಲ. ವಿಶಾಖಪಟ್ಟಣದ ದ್ವಾರಕಾ ನಗರದ ಆ ಬಾಡಿಗೆ ಮನೆಯಲ್ಲಿ, ಪಕ್ಕದವರಿಗೆ ಜ್ವರವೆಂದು ಹೇಳಿ, ಕೆಲವು ದಿನ ಮಲಗಿದ್ದು ಎದ್ದಳು. ಗಂಡ ಸುಬ್ರಹ್ಮಣ್ಯನೂ ಬ್ಯಾಂಕಿನಲ್ಲಿ ಜ್ವರವೆಂದೇ ಹೇಳಿ ರಜೆ ಹಾಕಿದ್ದ.

ಎರಡನೆಯ ಸಲ ಅತ್ತೆ ತುಮಕೂರಿನಿಂದ ಬಂದು ಜೊತೆಗಿದ್ದರು. ಅದೂ ಹೋದ ಮೇಲೆ, ಸೊಪ್ಪು ಬಿಡಿಸುತ್ತಾ, ತಲೆಯೆತ್ತದೆ, "ಸಿಂಹಾಚಲದ ಮೆಟ್ಟಿಲು ಹತ್ತಬಾರದಿತ್ತು ಕಣಮ್ಮ" ಎಂದರು. ಮಗು ನಿಲ್ಲಲೆಂದು ಆ ಬೆಟ್ಟದ ದೇವರಿಗೆ ಹರಕೆ ಹೊತ್ತುಕೊಳ್ಳಲೇ ಅವಳು ಹತ್ತಿದ್ದು. ಅತ್ತೆ ಆ ಮಾತನ್ನು ಮತ್ತೆ ಆಡಲಿಲ್ಲ. ಆದರೂ ನೀರಿನ ಬಿಂದಿಗೆ ಎತ್ತುವಾಗ, ಬಸ್ಸು ಹತ್ತುವಾಗ, ಕಮಲಾಕ್ಷಿಗೆ ತನ್ನ ಮೈಯ ಮೇಲೆಯೇ ಅನುಮಾನ.

ಮೂರನೆಯದು ತೊಂಬತ್ತೇಳರ ಬೇಸಿಗೆಯಲ್ಲಿ ಹೋಯಿತು. ಆಗ ಡಾಕ್ಟರ್ ದುರ್ಗಾಂಬ, ಹೊರಬಂದದ್ದರ ಒಂದು ಚೂರನ್ನು ಪರೀಕ್ಷೆಗೆ ಕಳಿಸಲೇ ಎಂದು ಕೇಳಿದರು. ಅದನ್ನು ಯಾರೋ ಒಬ್ಬರು ಗಮನಿಸಿ ನೋಡುತ್ತಾರಲ್ಲ ಎಂದು ಕಮಲಾಕ್ಷಿ ಒಪ್ಪಿದಳು. ಫಲಿತಾಂಶ ಬಂದ ದಿನ ಡಾಕ್ಟರು ಅವಳನ್ನು ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಬಸಿರು ನೆಲೆಯೂರಿದ ಕೂಡಲೇ, ಮಗುವನ್ನು ಪೋಷಿಸುವ ಮಾಸಿನೊಳಗೆ ಹೊಸ ರಕ್ತನಾಳಗಳು ಚಿಗುರಬೇಕು. ಚಿಗುರಿಸುವ ಪದಾರ್ಥಗಳನ್ನು ದೇಹವೇ ಮಾಡಿಕೊಳ್ಳುತ್ತದೆ. ಅವುಗಳ ವಿಷಯ ಈಗೀಗ ತಿಳಿಯುತ್ತಿದೆ. ಕಳಿಸಿದ ಚೂರಿನಲ್ಲಿ ನಾಳಗಳು ತೀರ ವಿರಳವಾಗಿದ್ದವು. ಆ ಪದಾರ್ಥ ಸಾಲದೆ ಹಾಗಾಯಿತೇ ಎಂದು ಅಳೆದು ನೋಡುವ ಅನುಕೂಲ ಇಲ್ಲಿಲ್ಲ. ಔಷಧಿಯಂತೂ ಇನ್ನೂ ಎಲ್ಲಿಯೂ ಇಲ್ಲ.

ಕಮಲಾಕ್ಷಿ ಕೇಳಿದ್ದು ಮೆಟ್ಟಿಲಿನ ವಿಷಯ ಮಾತ್ರ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೆಟ್ಟಿಲಿಗೂ ಇದಕ್ಕೂ ಸಂಬಂಧವೇ ಇಲ್ಲಮ್ಮ ಎಂದರು.

ತೆಲುಗಿನಲ್ಲಿ ಕೇಳಿದ ಆ ಮಾತನ್ನು ದಾರಿಯುದ್ದಕ್ಕೂ ಕನ್ನಡದಲ್ಲಿ ಹೇಳಿಕೊಳ್ಳುತ್ತಾ ಬಂದಳು, ಅತ್ತೆಗೆ ಹೇಗೆ ಹೇಳಬೇಕೋ ಹಾಗೆ. ಹೇಳುವುದಾದರೂ ಹೇಗೆ? ಎರಡು ಹೋದ ಮೇಲೆ, ಈ ಸಲ ಅತ್ತೆಗೂ ಐದು ತಿಂಗಳು ತುಂಬಿದ ಮೇಲೆಯೇ ತಿಳಿಸೋಣವೆಂದು ಗಂಡಹೆಂಡಿರು ನಿಶ್ಚಯಿಸಿದ್ದರು. ಮೂರನೆಯದೊಂದು ಇತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಶ್ರಾವಣದಲ್ಲಿ ವಿಜಯವಾಡದ ಒನ್ ಟೌನ್ ಬಡಾವಣೆಯಲ್ಲಿ ಕನಕದುರ್ಗಳ ಸೀಮಂತ. ಅವಳು ಅತ್ತೆಯ ತಂಗಿ ಸೂರ್ಯಕಾಂತಮ್ಮನ ಮಗಳು. ತೆಲುಗರ ಮನೆ ಸೇರಿ ಮೂವತ್ತು ವರ್ಷವಾದ ಸೂರ್ಯಕಾಂತಮ್ಮನ ಕನ್ನಡಕ್ಕೆ ತೆಲುಗು ಹತ್ತಿಕೊಂಡಿತ್ತು. ಬಸುರಿಗೆ ಹಸಿರು ಬಳೆ ತೊಡಿಸಿ, ಉಳಿದ ಹೆಂಗಸರಿಗೂ ತೊಡಿಸುತ್ತಾ ಬಂದು ಕಮಲಾಕ್ಷಿಯ ಕೈ ಹಿಡಿದರು.

"ಏನಮ್ಮಾ ಕಮಲಾ, ವಿಶೇಷ ಏನೂ ಇಲ್ವಾ? ಬ್ಯಾಂಕಿನೋರು ಮಗೂನೂ ಫಿಕ್ಸೆಡ್ ಡಿಪಾಜಿಟ್ ಇಟ್ಟಿದೀರಾ ಏಂಟಿ?"

ಹೆಂಗಸರೆಲ್ಲ ನಕ್ಕರು. ಅತ್ತೆ ಬಾಗಿಲ ಬಳಿಯಿಂದಲೇ, ಅವರಿಗಿನ್ನೂ ಅವಸರವಿಲ್ಲ ಬಿಡೇ, ಎಂದು ತಂಗಿಗೆ ಹೇಳಿದರು. ಸೊಸೆಯನ್ನು ಕಾಪಾಡಲೆಂದೇ ಹೇಳಿದ್ದು. ಆ ಮಾತಿನಿಂದ ಮೂರೂ ಇನ್ನೊಮ್ಮೆ ಇಲ್ಲವಾದಂತೆ ಕಮಲಾಕ್ಷಿಗೆ ಅನ್ನಿಸಿತು.

"ಇತ್ತು ಚಿಕ್ಕತ್ತೆ," ಎಂದಳು. "ಮೂರು ಸಲ ಇತ್ತು. ನಿಲ್ಲಲಿಲ್ಲ."

ಅರ್ಧ ಏರಿದ ಬಳೆ ಹಾಗೆಯೇ ನಿಂತಿತು. ಯಾರೋ ಮೆಲ್ಲಗೆ "ಪಾಪಂ" ಎಂದರು. ಸೂರ್ಯಕಾಂತಮ್ಮ ಅವಳ ಬೆರಳುಗಳನ್ನು ಒತ್ತಿಹಿಡಿದು, ಬಳೆಯನ್ನು ನಿಧಾನವಾಗಿ ಏರಿಸಿದರು. ಕಮಲಾಕ್ಷಿ ತಲೆಯೆತ್ತಿದಾಗ ಬಾಗಿಲ ಬಳಿ ಅತ್ತೆ ಇರಲಿಲ್ಲ.

ಅವರು ಹಿತ್ತಲಿನ ನಲ್ಲಿಯ ಹತ್ತಿರ ಕೂತಿದ್ದರು. ಕಮಲಾಕ್ಷಿ ಹೋಗಿ ಪಕ್ಕದಲ್ಲಿ ನಿಂತಳು.

"ಮೂರನೇದು ಯಾವಾಗ?"

"ಬೇಸಿಗೇಲಿ."

ಅತ್ತೆ ಸೆರಗಿನ ಅಂಚನ್ನು ಮಡಿಸಿದರು, ಬಿಡಿಸಿದರು. "ಆಗ್ಲೂ ಎಲ್ಲಾದ್ರೂ ಹತ್ತಿದ್ಯಾ?"

"ಇಲ್ಲ ಅತ್ತೆ. ಮಂಚದಿಂದ ಇಳೀಲೇ ಇಲ್ಲ."

ಅಷ್ಟು ದೂರದಿಂದ ಹೊತ್ತು ತಂದಿದ್ದ ಡಾಕ್ಟರ ಮಾತು ಬೇಕಾಗಲೇ ಇಲ್ಲ. ಅತ್ತೆ ಅವಳ ಕಡೆ ತಿರುಗಿದರು.

"ನಂಗಾದ್ರೂ ಹೇಳಬಾರದಿತ್ತಾ?"

"ಐದು ತಿಂಗಳಾಗಲಿ ಅಂತಿದ್ದೆ."

ಅತ್ತೆ ಅವಳ ಕೈ ಹಿಡಿದು ಕೆಳಕ್ಕೆಳೆದರು, ಪಕ್ಕದಲ್ಲಿ ಕೂರಿಸಿಕೊಂಡರು. ಒಳಗೆ ಆರತಿಗೆ ಕರೆಯುತ್ತಿದ್ದರು. ಇಬ್ಬರೂ ಏಳಲಿಲ್ಲ.